ರೈಫಲ್‌ನಲ್ಲಿ ರೆಡ್ ಡಾಟ್ ಮತ್ತು ಲೋಹದ ಗುರಿಸಾಧನಗಳ ಜೊತೆ ಬಳಕೆ

ರೆಡ್ ಡಾಟ್ ಗುರಿಸಾಧನವು ಪಾರದರ್ಶಕ ಗಾಜಿನಲ್ಲಿ ಬೆಳಕಿನ ಕೆಂಪು ಚುಕ್ಕೆಯೊಂದನ್ನು ತೋರಿಸಿ, ಬಂದೂಕಿನ ನಳಿಗೆ ಯಾವ ಕಡೆಗೆ ಮುಖಮಾಡಿದೆ ಎಂಬುದನ್ನು ಸೂಚಿಸುವ ದೃಷ್ಟಿ ಉಪಕರಣವಾಗಿದೆ. ಐರನ್ ಸೈಟ್ ಎಂದು ಕರೆಯಲಾಗುವ ಲೋಹದ ಗುರಿಸಾಧನವು ಇದೇ ಕೆಲಸವನ್ನು ವಿದ್ಯುತ್ತಾಗಲಿ ಗಾಜಾಗಲಿ ಇಲ್ಲದೆ, ನಳಿಗೆಯ ಮೇಲಿನ ಎರಡು ಲೋಹದ ಭಾಗಗಳಿಂದ ಮಾಡುತ್ತದೆ. ಒಂದೇ ರೈಫಲ್‌ನಲ್ಲಿ ಇವೆರಡನ್ನೂ ಅಳವಡಿಸಿ, ರೆಡ್ ಡಾಟನ್ನು ಮುಖ್ಯ ಸಾಧನವಾಗಿಯೂ ಲೋಹದ ಗುರಿಸಾಧನವನ್ನು ಆಪತ್ಕಾಲದ ಸಾಧನವಾಗಿಯೂ ಇಟ್ಟುಕೊಳ್ಳುವ ಪದ್ಧತಿ 20ನೇ ಶತಮಾನದ ಕೊನೆಯ ದಶಕಗಳಿಂದ ಸೇನೆ ಮತ್ತು ಪೊಲೀಸ್ ಪಡೆಗಳಲ್ಲಿ ಬೆಳೆದು ಬಂದಿದೆ. ಎರಡೂ ಸಾಧನಗಳು ಬೇರೆ ಬೇರೆ ಕಾರಣಗಳಿಂದ ಕೆಡುತ್ತವೆ. ಆದ್ದರಿಂದ ಒಂದು ಕೆಟ್ಟಾಗ ಇನ್ನೊಂದು ಉಳಿಯುವ ಸಾಧ್ಯತೆ ಹೆಚ್ಚು. ಅಲ್ಲದೆ ಒಂದರ ಹೊಂದಾಣಿಕೆ ತಪ್ಪಿದೆಯೇ ಎಂಬುದನ್ನು ಇನ್ನೊಂದರ ಮೂಲಕ ಪರೀಕ್ಷಿಸಬಹುದು.

ಲೋಹದ ಗುರಿಸಾಧನ

ಲೋಹದ ಗುರಿಸಾಧನದಲ್ಲಿ ಎರಡು ಭಾಗಗಳಿರುತ್ತವೆ. ನಳಿಗೆಯ ತುದಿಯ ಬಳಿ ಇರುವ ಕಂಬದಂತಹ ಭಾಗವನ್ನು ಫೋರ್‌ಸೈಟ್ ಎಂದೂ, ಕಣ್ಣಿಗೆ ಹತ್ತಿರವಿರುವ ಭಾಗವನ್ನು ಬ್ಯಾಕ್‌ಸೈಟ್ ಎಂದೂ ಕರೆಯುತ್ತಾರೆ. ಎನ್.ಸಿ.ಸಿ. ತರಬೇತಿಯಲ್ಲಿ .22 ರೈಫಲ್ ಬಳಸುವ ವಿದ್ಯಾರ್ಥಿಗಳು ಮೊದಲು ಕಲಿಯುವ ಪದಗಳು ಇವೇ. ಬ್ಯಾಕ್‌ಸೈಟ್ ಕೆಲವು ಬಂದೂಕುಗಳಲ್ಲಿ 'ವಿ' ಅಥವಾ 'ಯು' ಆಕಾರದ ಕಚ್ಚಾಗಿಯೂ, ಕೆಲವುಗಳಲ್ಲಿ ಸಣ್ಣ ರಂಧ್ರವಾಗಿಯೂ ಇರುತ್ತದೆ. ರಂಧ್ರದ ಬಗೆಯನ್ನು ಅಪರ್ಚರ್ ಎನ್ನುತ್ತಾರೆ. ಕರಾವಳಿ ಮತ್ತು ಮಲೆನಾಡಿನ ಕೃಷಿಕರಲ್ಲಿರುವ ಒಂಟಿ ನಳಿಗೆ ಅಥವಾ ಜೋಡಿ ನಳಿಗೆಯ ಕೋವಿಗಳಲ್ಲಿ ಸಾಮಾನ್ಯವಾಗಿ ಬ್ಯಾಕ್‌ಸೈಟ್ ಇರುವುದಿಲ್ಲ. ನಳಿಗೆಯ ತುದಿಯಲ್ಲಿ ಒಂದು ಸಣ್ಣ ಮಣಿ ಮಾತ್ರ ಇರುತ್ತದೆ.

ಈ ಸಾಧನದಿಂದ ಗುರಿ ಹಿಡಿಯುವಾಗ ಬ್ಯಾಕ್‌ಸೈಟ್, ಫೋರ್‌ಸೈಟ್ ಮತ್ತು ಗುರಿ ಎಂಬ ಮೂರು ವಸ್ತುಗಳನ್ನು ಒಂದೇ ರೇಖೆಗೆ ತರಬೇಕು. ಮೂರೂ ಕಣ್ಣಿನಿಂದ ಬೇರೆ ಬೇರೆ ದೂರದಲ್ಲಿರುವುದರಿಂದ ಕಣ್ಣು ಒಂದು ಕ್ಷಣದಲ್ಲಿ ಅವುಗಳಲ್ಲಿ ಒಂದನ್ನು ಮಾತ್ರ ಸ್ಪಷ್ಟವಾಗಿ ಕಾಣಬಲ್ಲದು. ಹೀಗಾಗಿ ಫೋರ್‌ಸೈಟಿನ ತುದಿಯನ್ನು ಸ್ಪಷ್ಟವಾಗಿ ನೋಡಿ, ಗುರಿ ತುಸು ಮಸುಕಾಗಿರಲು ಬಿಡಬೇಕೆಂದು ಕಲಿಸಲಾಗುತ್ತದೆ. ಎರಡು ಭಾಗಗಳ ನಡುವಿನ ಅಂತರ 50 ಸೆಂ.ಮೀ. ಇರುವ ಬಂದೂಕಿನಲ್ಲಿ ಅವುಗಳ ಜೋಡಣೆ 1 ಮಿ.ಮೀ.ನಷ್ಟು ತಪ್ಪಿದರೆ, 100 ಮೀಟರ್ ದೂರದಲ್ಲಿ ಗುಂಡು ಸುಮಾರು 20 ಸೆಂ.ಮೀ. ಪಕ್ಕಕ್ಕೆ ಬೀಳುತ್ತದೆ. ನಲವತ್ತು ವರ್ಷ ದಾಟಿದವರ ಕಣ್ಣಿಗೆ ಹತ್ತಿರದ ವಸ್ತುಗಳ ಮೇಲೆ ದೃಷ್ಟಿ ನಿಲ್ಲಿಸುವುದು ಕ್ರಮೇಣ ಕಷ್ಟವಾಗುವುದರಿಂದ ಈ ತೊಡಕು ವಯಸ್ಸಿನೊಂದಿಗೆ ಹೆಚ್ಚುತ್ತದೆ.

ರೆಡ್ ಡಾಟ್ ಕೆಲಸ ಮಾಡುವ ಬಗೆ

ರೆಡ್ ಡಾಟ್ ಸಾಧನದ ಒಳಗೆ ಒಂದು ಸಣ್ಣ ಎಲ್.ಇ.ಡಿ. ದೀಪವಿರುತ್ತದೆ. ಅದರ ಕೆಂಪು ಬೆಳಕು ಮುಂದಿರುವ ಬಾಗಿದ ಗಾಜಿಗೆ ಬಿದ್ದು ಕಣ್ಣಿನ ಕಡೆಗೆ ಪ್ರತಿಫಲಿಸುತ್ತದೆ. ಗಾಜಿನ ಮೇಲಿನ ತೆಳುವಾದ ಲೇಪನವು ಕೆಂಪು ಬೆಳಕನ್ನು ಹಿಂದಕ್ಕೆ ಕಳುಹಿಸಿ, ಉಳಿದ ಬಣ್ಣಗಳನ್ನು ಹಾದುಹೋಗಲು ಬಿಡುತ್ತದೆ. ಅನೇಕ ರೆಡ್ ಡಾಟ್‌ಗಳ ಮೂಲಕ ನೋಡಿದಾಗ ದೃಶ್ಯವು ತುಸು ನೀಲಿಯಾಗಿ ಕಾಣುವುದಕ್ಕೆ ಇದೇ ಕಾರಣ.

ಪ್ರತಿಫಲಿಸಿದ ಕಿರಣಗಳು ಬಹುಮಟ್ಟಿಗೆ ಸಮಾನಾಂತರವಾಗಿರುವುದರಿಂದ ಚುಕ್ಕೆಯು ಗಾಜಿನ ಮೇಲೆ ಅಂಟಿಕೊಂಡಂತೆ ಕಾಣದೆ, ಬಹಳ ದೂರದಲ್ಲಿ, ಗುರಿಯ ಮೇಲೆಯೇ ಇರುವಂತೆ ಕಾಣುತ್ತದೆ. ಇದರಿಂದ ಎರಡು ಅನುಕೂಲಗಳಿವೆ. ಮೊದಲನೆಯದಾಗಿ, ಕಣ್ಣು ಗುರಿಯನ್ನು ಮಾತ್ರ ಸ್ಪಷ್ಟವಾಗಿ ನೋಡಿದರೆ ಸಾಕು, ಚುಕ್ಕೆಯೂ ಸ್ಪಷ್ಟವಾಗಿರುತ್ತದೆ. ಎರಡು ಕಣ್ಣುಗಳನ್ನೂ ತೆರೆದಿಟ್ಟು ಸುತ್ತಲಿನ ದೃಶ್ಯವನ್ನು ಗಮನಿಸುತ್ತಲೇ ಗುರಿ ಹಿಡಿಯಬಹುದು. ಎರಡನೆಯದಾಗಿ, ಕಣ್ಣು ಗಾಜಿನ ನಡುವಿಗೆ ಸರಿಯಾಗಿ ಇರಬೇಕಾಗಿಲ್ಲ. ತಲೆ ತುಸು ಅತ್ತಿತ್ತ ಸರಿದರೆ ಚುಕ್ಕೆಯೂ ಗಾಜಿನೊಳಗೆ ಸರಿಯುತ್ತದೆ, ಆದರೆ ಅದು ಸೂಚಿಸುವ ದಿಕ್ಕು ಬದಲಾಗುವುದಿಲ್ಲ. ಕಣ್ಣಿನ ಸ್ಥಾನ ಬದಲಾದಾಗ ಚುಕ್ಕೆಯು ಗುರಿಯಿಂದ ಸರಿದಂತೆ ಕಾಣುವ ದೋಷವನ್ನು ಪ್ಯಾರಲಾಕ್ಸ್ ಎನ್ನುತ್ತಾರೆ. ರೆಡ್ ಡಾಟ್‌ನಲ್ಲಿ ಈ ದೋಷ ಬಹಳ ಕಡಿಮೆ, ಆದರೆ ಪೂರ್ತಿ ಇಲ್ಲವೆಂದಲ್ಲ. ಹತ್ತಿರದ ಗುರಿಗೆ, ಅದರಲ್ಲೂ ಚುಕ್ಕೆ ಗಾಜಿನ ಅಂಚಿನಲ್ಲಿ ಕಾಣುವಾಗ, ಸಣ್ಣ ವ್ಯತ್ಯಾಸ ಉಂಟಾಗಬಹುದು.

ಚುಕ್ಕೆಯ ಗಾತ್ರವನ್ನು ಎಂ.ಒ.ಎ. ಎಂಬ ಕೋನಮಾನದಲ್ಲಿ ಹೇಳುತ್ತಾರೆ. ಒಂದು ಎಂ.ಒ.ಎ. ಎಂದರೆ ಒಂದು ಡಿಗ್ರಿಯ 60ನೇ ಒಂದು ಭಾಗ. ಇದು 100 ಮೀಟರ್ ದೂರದಲ್ಲಿ ಸುಮಾರು 2.9 ಸೆಂ.ಮೀ. ಆಗುತ್ತದೆ. 2 ಎಂ.ಒ.ಎ. ಚುಕ್ಕೆಯು ಅಷ್ಟು ದೂರದಲ್ಲಿ ಸುಮಾರು 5.8 ಸೆಂ.ಮೀ. ಅಗಲವನ್ನು ಮುಚ್ಚುತ್ತದೆ. ದೊಡ್ಡ ಚುಕ್ಕೆ ಬೇಗ ಕಣ್ಣಿಗೆ ಬೀಳುತ್ತದೆ, ಸಣ್ಣ ಚುಕ್ಕೆ ದೂರದ ಗುರಿಯನ್ನು ಕಡಿಮೆ ಮರೆಮಾಡುತ್ತದೆ.

ರೆಡ್ ಡಾಟ್‌ನೊಂದಿಗೆ ಹೋಲೋಗ್ರಾಫಿಕ್ ಸಾಧನವನ್ನೂ ಸೇರಿಸಿ ಮಾತನಾಡುವುದುಂಟು. ಆದರೆ ಅದು ಎಲ್.ಇ.ಡಿ. ಬದಲು ಲೇಸರ್ ಬೆಳಕನ್ನೂ, ಗಾಜಿನಲ್ಲಿ ದಾಖಲಿಸಿದ ಹೋಲೋಗ್ರಾಮನ್ನೂ ಬಳಸುತ್ತದೆ ಮತ್ತು ಬ್ಯಾಟರಿಯನ್ನು ಹೆಚ್ಚು ವೇಗವಾಗಿ ಬಳಸಿ ಮುಗಿಸುತ್ತದೆ.

ಇತಿಹಾಸ

ಪ್ರತಿಫಲನದಿಂದ ಗುರಿ ಹಿಡಿಯುವ ಸಾಧನವನ್ನು ಡಬ್ಲಿನ್ ನಗರದ ದೂರದರ್ಶಕ ತಯಾರಕ ಹೊವಾರ್ಡ್ ಗ್ರಬ್ 1900ರಲ್ಲಿ ರೂಪಿಸಿದರು. ಇದು ಮೊದಲು ಯುದ್ಧ ವಿಮಾನಗಳ ಬಂದೂಕುಗಳಲ್ಲಿ ನೆಲೆಗೊಂಡಿತು. ಕೈಯಲ್ಲಿ ಹಿಡಿಯುವ ರೈಫಲ್‌ಗೆ ಹೊಂದುವಷ್ಟು ಸಣ್ಣ ದೀಪ ಮತ್ತು ಬ್ಯಾಟರಿ ಆ ಕಾಲದಲ್ಲಿ ಇರಲಿಲ್ಲ. 1970ರ ನವೆಂಬರ್‌ನಲ್ಲಿ ಉತ್ತರ ವಿಯೆಟ್ನಾಮಿನ ಸೋನ್ ತೇ ಸೆರೆಶಿಬಿರದ ಮೇಲೆ ರಾತ್ರಿ ದಾಳಿ ನಡೆಸಿದ ಅಮೆರಿಕದ ಸೈನಿಕರು ಸಿಂಗಲ್‌ಪಾಯಿಂಟ್ ಎಂಬ ಸಾಧನವನ್ನು ತಮ್ಮ ರೈಫಲ್‌ಗಳಿಗೆ ಅಳವಡಿಸಿಕೊಂಡಿದ್ದರು. ಅದರ ಮೂಲಕ ಆಚೆಗೆ ನೋಡಲು ಆಗುತ್ತಿರಲಿಲ್ಲ. ಒಂದು ಕಣ್ಣು ಚುಕ್ಕೆಯನ್ನೂ ಇನ್ನೊಂದು ಕಣ್ಣು ಗುರಿಯನ್ನೂ ನೋಡಿ, ಮೆದುಳು ಎರಡನ್ನೂ ಒಂದಾಗಿಸುತ್ತಿತ್ತು.

ಸ್ವೀಡನ್ನಿನ ಏಮ್‌ಪಾಯಿಂಟ್ ಸಂಸ್ಥೆ 1975ರಲ್ಲಿ ಮೊದಲ ವಿದ್ಯುನ್ಮಾನ ರೆಡ್ ಡಾಟನ್ನು ಮಾರುಕಟ್ಟೆಗೆ ತಂದಿತು. 1990ರ ದಶಕದಲ್ಲಿ ಎರಡು ಬದಲಾವಣೆಗಳಾದವು. ಉಪಕರಣಗಳನ್ನು ಜೋಡಿಸುವ ಹಲ್ಲುಗಳುಳ್ಳ ಪಟ್ಟಿಗೆ ಪಿಕಾಟಿನಿ ರೈಲು ಎಂಬ ಹೆಸರಿನಲ್ಲಿ 1995ರಲ್ಲಿ ಅಮೆರಿಕದ ಸೇನೆ ಒಂದು ನಿಶ್ಚಿತ ಅಳತೆಯನ್ನು ಗೊತ್ತುಪಡಿಸಿತು. ಅದೇ ದಶಕದ ಕೊನೆಯಲ್ಲಿ ಆ ಸೇನೆ ಏಮ್‌ಪಾಯಿಂಟ್ ಸಾಧನವನ್ನು ಸಾಮಾನ್ಯ ಸೈನಿಕರ ರೈಫಲ್‌ಗೂ ಆಯ್ದುಕೊಂಡಿತು. ಲೋಹದ ಗುರಿಸಾಧನ ಮುಖ್ಯಸ್ಥಾನದಿಂದ ಎರಡನೆಯ ಸ್ಥಾನಕ್ಕೆ ಸರಿಯತೊಡಗಿದ್ದು ಇದರ ನಂತರವೇ.

ಜೋಡಣೆಯ ವಿಧಗಳು

ರೆಡ್ ಡಾಟ್‌ನ ಗಾಜಿನ ಮೂಲಕವೇ ಲೋಹದ ಗುರಿಸಾಧನವೂ ಕಾಣುವಂತೆ ಮಾಡುವ ಜೋಡಣೆಗೆ ಕೋ-ವಿಟ್ನೆಸ್ ಎಂಬ ಹೆಸರಿದೆ. ಪ್ರಚಲಿತವಾಗಿರುವ ವಿಧಗಳು ಹೀಗಿವೆ:

ಪೂರ್ಣ ಕೋ-ವಿಟ್ನೆಸ್: ಚುಕ್ಕೆ ಮತ್ತು ಫೋರ್‌ಸೈಟಿನ ತುದಿ ಎರಡೂ ಗಾಜಿನ ನಡುವಿನಲ್ಲಿ ಒಂದೇ ಎತ್ತರದಲ್ಲಿರುತ್ತವೆ. ರೆಡ್ ಡಾಟ್ ಆರಿದರೆ ತಲೆಯನ್ನು ಅಲುಗಿಸದೆ ಲೋಹದ ಗುರಿಸಾಧನಕ್ಕೆ ಹೋಗಬಹುದು. ಆದರೆ ಲೋಹದ ಭಾಗಗಳು ಸದಾ ದೃಷ್ಟಿಯ ನಡುವೆ ನಿಂತು ದೃಶ್ಯವನ್ನು ತುಂಬುತ್ತವೆ.

ಕೆಳ ಮೂರನೇ ಒಂದು ಭಾಗದ ಕೋ-ವಿಟ್ನೆಸ್: ರೆಡ್ ಡಾಟನ್ನು ತುಸು ಎತ್ತರಿಸಿರುವುದರಿಂದ ಲೋಹದ ಭಾಗಗಳು ಗಾಜಿನ ಕೆಳಭಾಗದಲ್ಲಿ ಕಾಣುತ್ತವೆ. ಸಾಮಾನ್ಯ ಬಳಕೆಯಲ್ಲಿ ದೃಶ್ಯ ತೆರವಾಗಿರುತ್ತದೆ. ಲೋಹದ ಗುರಿಸಾಧನ ಬೇಕಾದಾಗ ಕೆನ್ನೆಯನ್ನು ಹಿಡಿಕೆಯ ಮೇಲೆ ಸ್ವಲ್ಪ ಕೆಳಗಿಳಿಸಬೇಕು.

ಮಡಚುವ ಗುರಿಸಾಧನ: ಫೋರ್‌ಸೈಟ್ ಮತ್ತು ಬ್ಯಾಕ್‌ಸೈಟ್‌ಗಳನ್ನು ರೈಲಿನ ಮೇಲೆ ಮಲಗಿಸಿಟ್ಟು, ಬೇಕಾದಾಗ ಎತ್ತಿ ನಿಲ್ಲಿಸಲಾಗುತ್ತದೆ. ದೃಶ್ಯ ಪೂರ್ತಿ ತೆರವಾಗಿರುತ್ತದೆ, ಆದರೆ ಎತ್ತಿ ನಿಲ್ಲಿಸಲು ಸಮಯ ಬೇಕು ಮತ್ತು ಚಲಿಸುವ ಭಾಗಗಳು ಸವೆಯುತ್ತವೆ.

ಓರೆ ಗುರಿಸಾಧನ: ಲೋಹದ ಭಾಗಗಳನ್ನು ರೈಫಲ್‌ನ ಪಕ್ಕಕ್ಕೆ 45 ಡಿಗ್ರಿ ಓರೆಯಾಗಿ ಅಳವಡಿಸಲಾಗುತ್ತದೆ, ರೈಫಲನ್ನು ಹೊರಳಿಸಿ ಅವುಗಳನ್ನು ನೋಡಬೇಕು. ದೃಶ್ಯವನ್ನು ಹಿಗ್ಗಿಸುವ ದೂರದರ್ಶಕದ ಮೂಲಕ ಹತ್ತಿರದ ಲೋಹದ ಭಾಗಗಳು ಸ್ಪಷ್ಟವಾಗಿ ಕಾಣುವುದಿಲ್ಲ. ಆದ್ದರಿಂದ ಅಂತಹ ರೈಫಲ್‌ಗಳಿಗೆ ಈ ವಿಧ ಹೊಂದುತ್ತದೆ.

ಹೊಂದಾಣಿಕೆ

ಗುರಿಸಾಧನ ತೋರಿಸುವ ಬಿಂದುವಿಗೂ ಗುಂಡು ಬೀಳುವ ಬಿಂದುವಿಗೂ ನಿರ್ದಿಷ್ಟ ದೂರದಲ್ಲಿ ಸಾಮ್ಯ ತರುವ ಕ್ರಿಯೆಗೆ ಜೀರೋಯಿಂಗ್ ಎನ್ನುತ್ತಾರೆ. ಎರಡು ಸಾಧನಗಳಿರುವ ರೈಫಲ್‌ನಲ್ಲಿ ಮೊದಲು ಲೋಹದ ಗುರಿಸಾಧನವನ್ನು ಕಾಗದದ ಗುರಿಯ ಮೇಲೆ ಗುಂಡು ಹಾರಿಸಿ ಹೊಂದಿಸಿಕೊಳ್ಳುವುದು ರೂಢಿ. ಬಳಿಕ ಲೋಹದ ಗುರಿಸಾಧನದ ಮೂಲಕ ಸರಿಯಾಗಿ ನೋಡುತ್ತಾ, ರೆಡ್ ಡಾಟ್‌ನ ತಿರುಪುಗಳನ್ನು ತಿರುಗಿಸಿ ಚುಕ್ಕೆಯನ್ನು ಫೋರ್‌ಸೈಟಿನ ತುದಿಗೆ ತರಲಾಗುತ್ತದೆ. ತಿರುಪಿನ ಒಂದು 'ಕ್ಲಿಕ್' ಅರ್ಧ ಎಂ.ಒ.ಎ. ಆಗಿದ್ದರೆ, 100 ಮೀಟರ್ ದೂರದಲ್ಲಿ ಗುಂಡು ಬೀಳುವ ಬಿಂದು ಸುಮಾರು 1.5 ಸೆಂ.ಮೀ. ಸರಿಯುತ್ತದೆ.

ಇದು ಒರಟು ಹೊಂದಾಣಿಕೆ ಮಾತ್ರ. ಲೋಹದ ಗುರಿಸಾಧನದಲ್ಲಿ ಉಳಿದಿರುವ ಸಣ್ಣ ತಪ್ಪು ರೆಡ್ ಡಾಟ್‌ಗೂ ದಾಟಿಕೊಂಡಿರುತ್ತದೆ. ಆದ್ದರಿಂದ ರೆಡ್ ಡಾಟನ್ನು ಪ್ರತ್ಯೇಕವಾಗಿ ಗುಂಡು ಹಾರಿಸಿಯೇ ಅಂತಿಮವಾಗಿ ಹೊಂದಿಸಬೇಕು. ಈ ಎಲ್ಲ ಕೆಲಸವೂ ಅಧಿಕೃತ ಶೂಟಿಂಗ್ ರೇಂಜ್‌ನಲ್ಲಿ, ಮೇಲ್ವಿಚಾರಕರ ಸಮ್ಮುಖದಲ್ಲಿ ನಡೆಯಬೇಕಾದುದಾಗಿದೆ.

ಸಾಮಾನ್ಯ ತಪ್ಪು ತಿಳಿವಳಿಕೆ

ಎರಡೂ ಸಾಧನಗಳಿರುವಾಗ ಬ್ಯಾಕ್‌ಸೈಟ್, ಫೋರ್‌ಸೈಟ್, ಚುಕ್ಕೆ ಮತ್ತು ಗುರಿ ಈ ನಾಲ್ಕನ್ನೂ ಪ್ರತಿ ಬಾರಿ ಒಂದೇ ರೇಖೆಗೆ ತರಬೇಕೆಂದು ಹೊಸಬರು ಭಾವಿಸುವುದುಂಟು. ಇದು ಸರಿಯಲ್ಲ. ಹಾಗೆ ಮಾಡಿದರೆ ರೆಡ್ ಡಾಟ್‌ನ ವೇಗ ಮತ್ತು ಸರಳತೆ ಎರಡೂ ಕಳೆದುಹೋಗಿ, ಲೋಹದ ಗುರಿಸಾಧನದ ತೊಡಕು ಮಾತ್ರ ಉಳಿಯುತ್ತದೆ. ರೆಡ್ ಡಾಟ್ ಬಳಸುವಾಗ ಚುಕ್ಕೆ ಮತ್ತು ಗುರಿ ಮಾತ್ರ ಸಾಕು. ಲೋಹದ ಗುರಿಸಾಧನ ಬಳಸುವಾಗ ಚುಕ್ಕೆಯನ್ನು ಗಮನಿಸಬೇಕಾಗಿಲ್ಲ.

ತಲೆಯ ಸ್ಥಾನ ಬದಲಾದಾಗ ಚುಕ್ಕೆಯು ಫೋರ್‌ಸೈಟಿನಿಂದ ದೂರ ಸರಿದಂತೆ ಕಾಣುತ್ತದೆ. ಇದನ್ನು ದೋಷವೆಂದು ತಿಳಿದು ತಿರುಪನ್ನು ತಿರುಗಿಸುವುದು ಇನ್ನೊಂದು ತಪ್ಪು. ಕಣ್ಣು ಲೋಹದ ಗುರಿಸಾಧನದ ರೇಖೆಯಲ್ಲೇ ಇದ್ದಾಗ ಮಾತ್ರ ಎರಡನ್ನೂ ಹೋಲಿಸಬೇಕು. ಆಗಲೂ ಚುಕ್ಕೆ ಮೊದಲಿನ ಜಾಗದಲ್ಲಿ ಕಾಣದಿದ್ದರೆ ಎರಡರಲ್ಲಿ ಒಂದು ಸರಿದಿದೆ ಎಂದರ್ಥ. ಯಾವುದು ಸರಿದಿದೆ ಎಂಬುದನ್ನು ಈ ಹೋಲಿಕೆ ಹೇಳಲಾರದು. ಅದನ್ನು ತಿಳಿಯಲು ರೇಂಜ್‌ನಲ್ಲಿ ಗುಂಡು ಹಾರಿಸಿಯೇ ನೋಡಬೇಕು.

ವೈಫಲ್ಯದ ಕಾರಣಗಳು

ರೆಡ್ ಡಾಟ್ ಕೆಡುವ ಅತಿ ಸಾಮಾನ್ಯ ಕಾರಣ ಬ್ಯಾಟರಿ ಮುಗಿಯುವುದು. ಇತ್ತೀಚಿನ ಕೆಲವು ಸಾಧನಗಳು ಒಂದೇ ಬ್ಯಾಟರಿಯಲ್ಲಿ ಹಲವು ವರ್ಷ ಉರಿಯುತ್ತವೆಂದು ತಯಾರಕರು ಹೇಳುತ್ತಾರೆ. ಏಮ್‌ಪಾಯಿಂಟ್‌ನ ಕಾಂಪ್‌ಎಂ4 ಮಾದರಿಗೆ ಹೇಳಿರುವ ಅವಧಿ 80,000 ಗಂಟೆ. ಆದರೆ ಚುಕ್ಕೆಯ ಪ್ರಕಾಶವನ್ನು ಗರಿಷ್ಠ ಮಟ್ಟದಲ್ಲಿಟ್ಟರೆ ಈ ಅವಧಿ ಬಹಳಷ್ಟು ಇಳಿಯುತ್ತದೆ. ಗಾಜಿಗೆ ಕೆಸರು ಮೆತ್ತಿಕೊಳ್ಳುವುದು, ಗಾಜು ಒಡೆಯುವುದು ಮತ್ತು ಜೋಡಣೆಯ ತಿರುಪು ಸಡಿಲವಾಗುವುದು ಇತರ ಕಾರಣಗಳು. ಚುಕ್ಕೆ ಮಾತ್ರ ಆರಿದ್ದರೆ ಅದೇ ಗಾಜಿನ ಮೂಲಕ ಲೋಹದ ಗುರಿಸಾಧನವನ್ನು ಬಳಸಬಹುದು. ಗಾಜೇ ಕಾಣದಂತಾಗಿದ್ದರೆ ರೆಡ್ ಡಾಟನ್ನು ಕಳಚಬೇಕಾಗುತ್ತದೆ. ಬೇಗ ಕಳಚುವ ಸನ್ನೆಯುಳ್ಳ ಜೋಡಣೆಗಳು ಬಂದಿರುವುದು ಇದಕ್ಕಾಗಿಯೇ.

ಕಣ್ಣಿಗೆ ಕಾಣದ ವೈಫಲ್ಯ ಇದಕ್ಕಿಂತ ಅಪಾಯಕಾರಿ. ಚುಕ್ಕೆ ಪ್ರಕಾಶಮಾನವಾಗಿಯೇ ಇದ್ದು, ತಪ್ಪು ಜಾಗವನ್ನು ತೋರಿಸುತ್ತಿರಬಹುದು. ಹೋಲೋಗ್ರಾಫಿಕ್ ಸಾಧನಗಳನ್ನು ತಯಾರಿಸುವ ಇಒಟೆಕ್ ಸಂಸ್ಥೆಯ ಸಾಧನಗಳು ತೀವ್ರ ತಾಪಮಾನ ಮತ್ತು ತೇವಾಂಶದಲ್ಲಿ ಸರಿಯಾಗಿ ಕೆಲಸ ಮಾಡುವುದಿಲ್ಲ, ಈ ಸಂಗತಿಯನ್ನು ಖರೀದಿದಾರರಿಗೆ ತಿಳಿಸಿರಲಿಲ್ಲ ಎಂದು ಅಮೆರಿಕದ ಸರ್ಕಾರ ಮೊಕದ್ದಮೆ ಹೂಡಿತು. 2015ರ ನವೆಂಬರ್‌ನಲ್ಲಿ ಸಂಸ್ಥೆ ಮತ್ತು ಅದರ ಮಾತೃಸಂಸ್ಥೆ 2.56 ಕೋಟಿ ಡಾಲರ್ ನೀಡಿ ಮೊಕದ್ದಮೆಯನ್ನು ಇತ್ಯರ್ಥಪಡಿಸಿಕೊಂಡವು. ಇಂತಹ ಸರಿತವನ್ನು ಬಳಸುವವನು ಚುಕ್ಕೆಯನ್ನು ಮಾತ್ರ ನೋಡಿ ಪತ್ತೆಹಚ್ಚಲಾರ. ಪಕ್ಕದಲ್ಲಿ ಸ್ಥಿರವಾದ ಲೋಹದ ಗುರಿಸಾಧನವಿದ್ದರೆ ವ್ಯತ್ಯಾಸ ಕಣ್ಣಿಗೆ ಬೀಳುತ್ತದೆ.

ಲೋಹದ ಗುರಿಸಾಧನವೂ ಕೆಡದ ವಸ್ತುವಲ್ಲ. ಬಿದ್ದಾಗ ಫೋರ್‌ಸೈಟ್ ಬಾಗಬಹುದು, ತುಕ್ಕು ಹಿಡಿಯಬಹುದು, ಮಂದ ಬೆಳಕಿನಲ್ಲಿ ಕಾಣದಿರಬಹುದು. ಬಳಸುವವರ ಕಣ್ಣಿನ ದೋಷವೂ ಲೆಕ್ಕಕ್ಕೆ ಬರುತ್ತದೆ. ಆಸ್ಟಿಗ್ಮ್ಯಾಟಿಸಂ ಇರುವವರಿಗೆ ಚುಕ್ಕೆ ದುಂಡಗೆ ಕಾಣದೆ, ಚದುರಿದ ನಕ್ಷತ್ರದಂತೆ ಅಥವಾ ಬಾಲವುಳ್ಳ ಗೆರೆಯಂತೆ ಕಾಣುತ್ತದೆ. ಬ್ಯಾಕ್‌ಸೈಟಿನ ಸಣ್ಣ ರಂಧ್ರದ ಮೂಲಕ ನೋಡಿದಾಗ ಚುಕ್ಕೆ ದುಂಡಗಾದರೆ ದೋಷ ಉಪಕರಣದಲ್ಲಿಲ್ಲ, ಕಣ್ಣಿನಲ್ಲಿದೆ ಎಂದು ತಿಳಿಯಬಹುದು.

ಕರಾವಳಿಯ ಹವೆ ಮತ್ತು ನಿರ್ವಹಣೆ

ಮಂಗಳೂರು ನಗರದ ಉತ್ತರ ಭಾಗದಲ್ಲಿರುವ ಬೈಕಂಪಾಡಿ ಕೈಗಾರಿಕಾ ಪ್ರದೇಶ ಮತ್ತು ಅದರ ನೆರೆಯ ಪಣಂಬೂರಿನಲ್ಲಿರುವ ನವಮಂಗಳೂರು ಬಂದರು ಅರಬ್ಬೀ ಸಮುದ್ರಕ್ಕೆ ಸಮೀಪದಲ್ಲಿವೆ. ಬಂದರಿನ ಕಾವಲು ಕೇಂದ್ರೀಯ ಕೈಗಾರಿಕಾ ಭದ್ರತಾ ಪಡೆಯ ಹೊಣೆಯಾಗಿದೆ. ವರ್ಷಕ್ಕೆ 3,500 ಮಿ.ಮೀ.ಗೂ ಹೆಚ್ಚು ಮಳೆ ಬೀಳುವ ಈ ತೀರದಲ್ಲಿ ಯಾವುದೇ ಬಂದೂಕಿನ ಗುರಿಸಾಧನವನ್ನು ಕಾಪಾಡುವುದು ಒಣ ಪ್ರದೇಶಕ್ಕಿಂತ ಕಷ್ಟ.

ಉಪ್ಪಿನಂಶವುಳ್ಳ ತೇವದ ಗಾಳಿ ಉಕ್ಕಿನ ಫೋರ್‌ಸೈಟಿಗೆ ತುಕ್ಕು ಹಿಡಿಸುತ್ತದೆ. ರೆಡ್ ಡಾಟ್‌ನ ಬ್ಯಾಟರಿ ಕೋಶದ ಸಂಪರ್ಕ ಬಿಂದುಗಳ ಮೇಲೆ ಕಿಲುಬು ಕಟ್ಟಿಸುತ್ತದೆ. ಹವಾನಿಯಂತ್ರಿತ ಕೊಠಡಿಯಿಂದ ಹೊರತಂದ ಕೂಡಲೇ ಗಾಜಿನ ಹೊರಮೈಯಲ್ಲಿ ಮಂಜು ಕವಿಯುತ್ತದೆ. ಒಳಗೆ ಸಾರಜನಕ ತುಂಬಿ ಮುಚ್ಚಿದ ಸಾಧನಗಳಲ್ಲಿ ಒಳಮೈಗೆ ಮಂಜು ಹಿಡಿಯುವುದಿಲ್ಲವಾದರೂ ಹೊರಮೈಯನ್ನು ಒರೆಸಲೇಬೇಕು. ದೀಪದ ಭಾಗ ತೆರೆದಿರುವ ಸಾಧನದಲ್ಲಿ ಒಂದೇ ಮಳೆಹನಿ ದೀಪದ ಮುಂದೆ ನಿಂತರೂ ಚುಕ್ಕೆ ಚದುರಿ ಹಲವು ಚುಕ್ಕೆಗಳಾಗುತ್ತದೆ. ಆದ್ದರಿಂದ ಮಳೆ ಹೆಚ್ಚಿರುವ ಪ್ರದೇಶಗಳಿಗೆ ಎರಡೂ ಬದಿ ಮುಚ್ಚಿದ ಕೊಳವೆಯಾಕಾರದ ರೆಡ್ ಡಾಟ್ ಹೆಚ್ಚು ಸೂಕ್ತ. ಲೋಹದ ಭಾಗಗಳಿಗೆ ತೆಳುವಾಗಿ ಎಣ್ಣೆ ಸವರುವುದು, ಗಾಜಿಗೆ ಎಣ್ಣೆ ತಾಗದಂತೆ ನೋಡಿಕೊಳ್ಳುವುದು, ಬ್ಯಾಟರಿಯನ್ನು ನಿಗದಿತ ದಿನಾಂಕದಂದು ಬದಲಿಸುವುದು ನಿರ್ವಹಣೆಯ ಮುಖ್ಯ ಅಂಶಗಳಾಗಿವೆ.

ಭಾರತ ಮತ್ತು ಕರ್ನಾಟಕದಲ್ಲಿ

ಭಾರತದ ವಿಶೇಷ ಪಡೆಗಳು 2000ದ ದಶಕದಲ್ಲಿ ಇಸ್ರೇಲಿನ ಟಾವೋರ್ ರೈಫಲನ್ನು ರಿಫ್ಲೆಕ್ಸ್ ಗುರಿಸಾಧನದೊಂದಿಗೆ ಬಳಸತೊಡಗಿದವು. ಸಾಮಾನ್ಯ ಪದಾತಿ ದಳದ ಇನ್ಸಾಸ್ ರೈಫಲ್ ಮುಖ್ಯವಾಗಿ ಲೋಹದ ಗುರಿಸಾಧನದ ಆಯುಧವಾಗಿತ್ತು. 2019ರಲ್ಲಿ 72,400 ಸಿಗ್ 716 ರೈಫಲ್‌ಗಳ ಖರೀದಿಗೂ, 2021ರ ಡಿಸೆಂಬರ್‌ನಲ್ಲಿ ಉತ್ತರ ಪ್ರದೇಶದ ಅಮೇಠಿ ಜಿಲ್ಲೆಯ ಕೋರ್ವಾದಲ್ಲಿ ಆರು ಲಕ್ಷಕ್ಕೂ ಹೆಚ್ಚು ಎಕೆ-203 ರೈಫಲ್‌ಗಳ ತಯಾರಿಕೆಗೂ ಒಪ್ಪಂದವಾಯಿತು. ಎರಡೂ ರೈಫಲ್‌ಗಳ ಮೇಲೆ ದೃಷ್ಟಿ ಉಪಕರಣಗಳಿಗೆ ರೈಲು ಇರುವುದರಿಂದ ಜೊತೆ ಬಳಕೆಯು ಸಾಮಾನ್ಯ ಸೈನಿಕನಿಗೂ ಸಾಧ್ಯವಾಗಿದೆ.

ಈ ಕ್ಷೇತ್ರದಲ್ಲಿ ಬೆಂಗಳೂರಿಗೆ ವಿಶೇಷ ಸ್ಥಾನವಿದೆ. 1954ರಲ್ಲಿ ಸ್ಥಾಪನೆಯಾದ ಭಾರತ್ ಎಲೆಕ್ಟ್ರಾನಿಕ್ಸ್ ಲಿಮಿಟೆಡ್‌ನ ಪ್ರಧಾನ ಕಚೇರಿ ಇಲ್ಲಿದ್ದು, ಸಂಸ್ಥೆಯ ಉತ್ಪನ್ನಗಳಲ್ಲಿ ಸೇನೆಯ ದೃಷ್ಟಿ ಉಪಕರಣಗಳೂ ಸೇರಿವೆ. ಟಾನ್ಬೊ ಇಮೇಜಿಂಗ್ ಉಷ್ಣಬಿಂಬ ಸಾಧನಗಳನ್ನೂ, ಎಸ್‌ಎಸ್‌ಎಸ್ ಡಿಫೆನ್ಸ್ ರೈಫಲ್‌ಗಳನ್ನೂ ತಯಾರಿಸುವ ಬೆಂಗಳೂರಿನ ಖಾಸಗಿ ಸಂಸ್ಥೆಗಳಾಗಿವೆ.

ನಾಗರಿಕರ ನಡುವೆ ಕೋವಿಯ ಬಳಕೆ ಸಂಪ್ರದಾಯವಾಗಿ ಉಳಿದಿರುವುದು ಕೊಡಗಿನಲ್ಲಿ. ಸೆಪ್ಟೆಂಬರ್ ಆರಂಭದ ಕೈಲ್‌ಪೊಳ್ದ್ ಹಬ್ಬದಲ್ಲಿ ಕೋವಿಗೆ ತೋಕ್‌ಪೂ ಹೂವಿಟ್ಟು ಪೂಜಿಸಲಾಗುತ್ತದೆ. ತೆಂಗಿನಕಾಯಿಗೆ ಗುಂಡು ಹೊಡೆಯುವ ಸ್ಪರ್ಧೆಗಳೂ ನಡೆಯುತ್ತವೆ. ಕೊಡವರಿಗೂ ಜಮ್ಮಾ ಭೂಮಿ ಹೊಂದಿದವರಿಗೂ ಕೋವಿ ಪರವಾನಗಿಯಿಂದ ಬ್ರಿಟಿಷರ ಕಾಲದಿಂದ ಬಂದಿರುವ ವಿನಾಯಿತಿಯನ್ನು ಕೇಂದ್ರ ಸರ್ಕಾರ 2019ರಲ್ಲಿ ಹತ್ತು ವರ್ಷಗಳಿಗೆ ಮುಂದುವರಿಸಿತು. ಕರ್ನಾಟಕ ಉಚ್ಚ ನ್ಯಾಯಾಲಯ 2021ರಲ್ಲಿ ಇದನ್ನು ಎತ್ತಿಹಿಡಿಯಿತು. ರಾಜ್ಯದ ಉಳಿದೆಡೆ 1959ರ ಶಸ್ತ್ರಾಸ್ತ್ರ ಕಾಯಿದೆಯಂತೆ ಪರವಾನಗಿ ಕಡ್ಡಾಯ. ಬೈಕಂಪಾಡಿಯೂ ಸೇರಿದಂತೆ ಮಂಗಳೂರು ನಗರ ವ್ಯಾಪ್ತಿಯಲ್ಲಿ ಪರವಾನಗಿ ಪ್ರಾಧಿಕಾರ ನಗರ ಪೊಲೀಸ್ ಆಯುಕ್ತರು. 2019ರ ತಿದ್ದುಪಡಿಯ ನಂತರ ಒಬ್ಬ ವ್ಯಕ್ತಿ ಗರಿಷ್ಠ ಎರಡು ಬಂದೂಕುಗಳನ್ನು ಮಾತ್ರ ಹೊಂದಬಹುದು.

ಕ್ರೀಡೆಯಲ್ಲಿ

ಅಂತರರಾಷ್ಟ್ರೀಯ ಶೂಟಿಂಗ್ ಕ್ರೀಡಾ ಒಕ್ಕೂಟದ ನಿಯಮಗಳಂತೆ ಒಲಿಂಪಿಕ್ ರೈಫಲ್ ಸ್ಪರ್ಧೆಗಳಲ್ಲಿ ಮಸೂರವುಳ್ಳ ಗುರಿಸಾಧನಕ್ಕೆ ಅವಕಾಶವಿಲ್ಲ; ರೆಡ್ ಡಾಟ್ ಮತ್ತು ದೂರದರ್ಶಕ ಎರಡೂ ನಿಷಿದ್ಧ. ಅಭಿನವ್ ಬಿಂದ್ರಾ 2008ರ ಆಗಸ್ಟ್ 11ರಂದು ಬೀಜಿಂಗ್‌ನಲ್ಲಿ 10 ಮೀಟರ್ ಏರ್ ರೈಫಲ್ ಚಿನ್ನ ಗೆದ್ದದ್ದು ಅಪರ್ಚರ್ ಬಗೆಯ ಗುರಿಸಾಧನದಿಂದಲೇ. ಅಂತಿಮ ಸುತ್ತಿಗೆ ಮುಂಚಿನ ಅಭ್ಯಾಸದ ಹೊಡೆತ ಗುರಿಯ ನಡುವಿನಿಂದ ಬಹಳ ದೂರ ಹೋಯಿತೆಂದೂ, ಸಾಧನದ ಹೊಂದಾಣಿಕೆ ಬದಲಾಗಿದೆಯೆಂದು ಅರಿತು ಅಲ್ಲಿಯೇ ಅದನ್ನು ಸರಿಪಡಿಸಿಕೊಂಡೆನೆಂದೂ ಅವರು ತಮ್ಮ ಆತ್ಮಕಥೆಯಲ್ಲಿ ಹೇಳಿಕೊಂಡಿದ್ದಾರೆ. ವಿದ್ಯುತ್ತಿಲ್ಲದ ಸರಳ ಸಾಧನವೂ ಸರಿಯಬಲ್ಲದು ಎಂಬುದಕ್ಕೆ ಇದು ನಿದರ್ಶನ. ರೈಫಲ್‌ನಲ್ಲಿ ಒಂದು ಗುರಿಸಾಧನವಿರಲಿ, ಎರಡಿರಲಿ, ಹೊಂದಾಣಿಕೆ ಸರಿಯಿದೆಯೇ ಎಂಬುದನ್ನು ಕೊನೆಗೆ ತೀರ್ಮಾನಿಸುವುದು ಕಾಗದದ ಗುರಿಯ ಮೇಲಿನ ಗುಂಡಿನ ಗುರುತೇ ಆಗಿದೆ.